ಕೆಲಸ ಹೋದ ಮೇಲೆ: ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ಬಾಳು, ಮೇಟಗಳ್ಳಿ, ಕೂರ್ಗಳ್ಳಿ, ಕಡಕೊಳ, ನಂಜನಗೂಡು, ತೂಬಿನಕೆರೆ, ಗೆಜ್ಜಲಗೆರೆ. ಈ ಕೈಗಾರಿಕಾ ಪ್ರದೇಶಗಳಲ್ಲಿ ದುಡಿದು ಕೆಲಸ ಕಳೆದುಕೊಂಡವರಿಗೆ, ಓದು ಮುಗಿಸಿ ಕೆಲಸಕ್ಕಾಗಿ ಕಾಯುತ್ತಿರುವವರಿಗೆ ಈ ಪುಟ. ಅರ್ಹತೆ ಇದ್ದೂ ಎಷ್ಟೋ ಜನರ ದುಡ್ಡು ನಿಂತುಹೋಗುತ್ತದೆ. ಕಾರಣ ನೋಡಿದರೆ ಹೆಸರಿನಲ್ಲಿ ಒಂದು ಇನಿಷಿಯಲ್ ತಪ್ಪಿರುತ್ತದೆ, ಕೆಲಸ ಬಿಟ್ಟ ದಿನಾಂಕ ದಾಖಲಾಗಿರುವುದಿಲ್ಲ, ಅಥವಾ ಅವಸರದಲ್ಲಿ ಒಂದು ಸಹಿ ಹಾಕಿರುತ್ತಾರೆ. ಆದ್ದರಿಂದ ಅಂಥ ಸಣ್ಣ ಸಂಗತಿಗಳಿಗೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಕೆಲಸ ಹೋಗಿದೆ. ನನಗೆ ಏನೇನು ಬರಬೇಕು?

ಬಾಕಿ ಸಂಬಳ ಮತ್ತು ರಜೆಯ ದುಡ್ಡು ಎಲ್ಲರಿಗೂ ಬರಬೇಕು. ಪಿಎಫ್ ಕಟ್ಟುತ್ತಿದ್ದರೆ ಅದು ನಿಮ್ಮದೇ ಹಣ. ಐದು ವರ್ಷ ಸತತವಾಗಿ ದುಡಿದಿದ್ದರೆ ಗ್ರಾಚ್ಯುಟಿ (ಸೇವೆಗಾಗಿ ಕಂಪನಿ ಕೊಡುವ ಇಡುಗಂಟು) ಇದೆ. ಕಂಪನಿಯೇ ನಿಮ್ಮನ್ನು ತೆಗೆದಿದ್ದು, ನೀವು ಕಾರ್ಮಿಕ ವರ್ಗಕ್ಕೆ ಸೇರಿದ್ದು, ಒಂದು ವರ್ಷಕ್ಕಿಂತ ಹೆಚ್ಚು ಸೇವೆ ಆಗಿದ್ದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದಂತೆ ಪರಿಹಾರ ಸಿಗಬೇಕು. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಆಗುತ್ತಿದ್ದವರಿಗೆ ನಿರುದ್ಯೋಗ ಭತ್ಯೆ ಪ್ರತ್ಯೇಕ. ಇವು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಪಿಎಫ್ ತೆಗೆದುಕೊಂಡಿರಿ ಎಂದು ಗ್ರಾಚ್ಯುಟಿ ನಿಲ್ಲಿಸುವ ಹಾಗಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸದಿಂದ ತೆಗೆದ ಅಥವಾ ನೀವೇ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. "ಮುಂದಿನ ತಿಂಗಳು 45 ದಿನ ಬಿಟ್ಟು ಬನ್ನಿ" ಎನ್ನುವ ಹಳೆಯ ರೂಢಿಯನ್ನು ಸುಮ್ಮನೆ ಒಪ್ಪಿಕೊಳ್ಳಬೇಡಿ.

ಎಚ್‌ಆರ್‌ನವರು ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ. ಕೊಟ್ಟರೆ ಏನಾಗುತ್ತೆ?

ಇಡೀ ಪುಟದಲ್ಲಿ ಇದೊಂದು ಉತ್ತರ ಓದಿದರೂ ಸಾಕು. ರಾಜೀನಾಮೆ ಕೊಟ್ಟರೆ ದಾಖಲೆಯ ಪ್ರಕಾರ ನೀವಾಗಿಯೇ ಕೆಲಸ ಬಿಟ್ಟಂತೆ. ಆಗ ಪರಿಹಾರದ ಹಕ್ಕು ಹೋಗುತ್ತದೆ, ಇಎಸ್‌ಐ ನಿರುದ್ಯೋಗ ಭತ್ಯೆಯೂ ಕೈತಪ್ಪಬಹುದು. "ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಚೆನ್ನಾಗಿ ಕೊಡ್ತೀವಿ, ಸಹಿ ಹಾಕಿ" ಎನ್ನುವ ಮಾತಿಗೆ ಆ ಕ್ಷಣದಲ್ಲೇ ತಲೆಯಾಡಿಸಬೇಡಿ. "ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ ಸರ್" ಎಂದು ಹೊರಗೆ ಬನ್ನಿ. ಕಾಗದದ ಫೋಟೊ ತೆಗೆದುಕೊಳ್ಳಿ.

ಬಲವಂತದಿಂದ ಸಹಿ ಆಗಿಹೋಗಿದ್ದರೆ ಅದೇ ದಿನ ಕಂಪನಿಯ ಇಮೇಲ್‌ಗೆ ನಾಲ್ಕು ಸಾಲು ಬರೆಯಿರಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥವರು ಕರೆದು ಸಹಿ ಹಾಕಿಸಿಕೊಂಡರು, ನಾನಾಗಿ ಕೆಲಸ ಬಿಟ್ಟಿಲ್ಲ. ಆಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಡಿ, ಸಹಾಯವಾಣಿ 155214. ವಾರಗಟ್ಟಲೆ ಬಿಟ್ಟು ಕೊಟ್ಟ ದೂರಿಗೆ ಅಷ್ಟು ಬಲ ಇರುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರ್ಹರಿಗೆ ಉಚಿತ ನೆರವು ಕೊಡುತ್ತದೆ, ಸಂಖ್ಯೆ 15100.

ಮೊದಲ ವಾರದಲ್ಲಿ ಯಾವ ಕಾಗದ ಹೊಂದಿಸಿಕೊಳ್ಳಬೇಕು?

ಆಫೀಸ್ ಲಾಗಿನ್ ಮುಚ್ಚುವ ಮೊದಲೇ ಪೇ ಸ್ಲಿಪ್‌ಗಳನ್ನು ಇಳಿಸಿಕೊಳ್ಳಿ, ಕನಿಷ್ಠ ಹಿಂದಿನ ಎರಡು ವರ್ಷದವು. ನೇಮಕಾತಿ ಪತ್ರ, ಕೆಲಸದಿಂದ ತೆಗೆದ ಪತ್ರ, 12 ಅಂಕಿಯ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ), 10 ಅಂಕಿಯ ಇಎಸ್‌ಐ ವಿಮಾ ಸಂಖ್ಯೆ, ಗೇಟ್ ಪಾಸ್ ಅಥವಾ ಐಡಿ ಕಾರ್ಡಿನ ಎರಡೂ ಬದಿಯ ಫೋಟೊ ಇರಲಿ. ಐಡಿ ಕಾರ್ಡ್ ವಾಪಸ್ ಕೊಟ್ಟಮೇಲೆ ನೀವು ಅಲ್ಲಿ ದುಡಿದದ್ದಕ್ಕೆ ಕೆಲವೊಮ್ಮೆ ಆ ಫೋಟೊ ಒಂದೇ ಸಾಕ್ಷಿ.

ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಕಂಪನಿ ಕೊಟ್ಟ ಸಿಮ್ ಆಗಿದ್ದರೆ ತಕ್ಷಣ ಬದಲಿಸಿ. ಎಲ್ಲ ಪೋರ್ಟಲ್‌ಗಳೂ ಒಟಿಪಿ ಕಳಿಸುವುದು ಅದಕ್ಕೇ.

ಇಎಸ್‌ಐ ನಿರುದ್ಯೋಗ ಭತ್ಯೆ ಯಾರಿಗೆ, ಎಷ್ಟು?

ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಂದು ಶುರುವಾಯಿತು. ಮೊದಲು ಸರಾಸರಿ ದಿನಗೂಲಿಯ ಶೇ 25 ಕೊಡುತ್ತಿದ್ದರು, 2020ರ ಮಾರ್ಚ್ 24ರಿಂದ ಶೇ 50 ಮಾಡಿದರು. ಗರಿಷ್ಠ 90 ದಿನ, ಜೀವನದಲ್ಲಿ ಒಂದೇ ಸಲ.

ಲೆಕ್ಕ ಹೀಗೆ. ತಿಂಗಳಿಗೆ 18,000 ರೂಪಾಯಿ ಸಂಬಳ ಇದ್ದರೆ ದಿನಕ್ಕೆ ಸುಮಾರು 600, ಅದರ ಅರ್ಧ 300, ತೊಂಬತ್ತು ದಿನಕ್ಕೆ 27,000. ಮನೆ ಬಾಡಿಗೆಗೂ ರೇಷನ್ನಿಗೂ ಮೂರು ತಿಂಗಳು ಆಸರೆಯಾಗುವ ಮೊತ್ತ.

ಷರತ್ತು ಎರಡು ವರ್ಷದ ವಿಮಾ ಅವಧಿ. ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಆ ಎರಡು ವರ್ಷದ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ವಂತಿಗೆ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ದುರ್ನಡತೆಗಾಗಿ ತೆಗೆದವರಿಗೆ, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟವರಿಗೆ, ನಿವೃತ್ತರಿಗೆ ಇದು ಸಿಗುವುದಿಲ್ಲ.

ಈ ಯೋಜನೆಯ ಅವಧಿಯನ್ನು ಸರ್ಕಾರ ಆಗಾಗ ವಿಸ್ತರಿಸುತ್ತ ಬಂದಿದೆ. ಅರ್ಜಿ ಹಾಕುವ ಮೊದಲು ಸದ್ಯ ಚಾಲ್ತಿಯಲ್ಲಿದೆಯೇ ಎಂದು ನಿಮ್ಮ ಇಎಸ್‌ಐ ಶಾಖಾ ಕಚೇರಿಯಲ್ಲಿ ಅಥವಾ 1800112526ಕ್ಕೆ ಕರೆ ಮಾಡಿ ಕೇಳಿ.

ಅದಕ್ಕೆ ಅರ್ಜಿ ಹಾಕೋದು ಹೇಗೆ? ಎಲ್ಲಿ ಎಡವುತ್ತಾರೆ?

ಕೆಲಸ ಹೋಗಿ 30 ದಿನ ಆದಮೇಲೆ ಹಾಕಬಹುದು. ಇಎಸ್‌ಐಸಿ ಜಾಲತಾಣದಲ್ಲಿ ವಿಮಾದಾರರ ಲಾಗಿನ್‌ಗೆ ಹೋಗಿ ಅರ್ಜಿ ತುಂಬಿ, ಪ್ರಿಂಟ್ ತೆಗೆದು, ಆಧಾರ್ ಮತ್ತು ಪಾಸ್‌ಬುಕ್ ಪ್ರತಿಯೊಂದಿಗೆ ಶಾಖಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಂಪನಿಯ ಮೂಲಕವೇ ಬರಬೇಕು ಎಂಬ ನಿಯಮವನ್ನು 2020ರಲ್ಲೇ ಕೈಬಿಟ್ಟಿದ್ದಾರೆ.

ಎಡವುವುದು ಇಲ್ಲಿ: ನೀವು ಕೆಲಸ ಬಿಟ್ಟ ತಿಂಗಳ ವಂತಿಗೆ ಪಟ್ಟಿ ಸಲ್ಲಿಸುವಾಗ ಕಂಪನಿಯವರು ನಿಮ್ಮ ಹೆಸರಿನ ಮುಂದೆ ಒಂದು ಕಾರಣ ಆರಿಸಬೇಕಾಗುತ್ತದೆ. ಆ ಪಟ್ಟಿಯಲ್ಲಿ 'ಲೆಫ್ಟ್ ಸರ್ವಿಸ್' (ಕೆಲಸ ಬಿಟ್ಟರು) ಒಂದು, 'ರಿಟ್ರೆಂಚ್‌ಮೆಂಟ್' (ಕಂಪನಿಯೇ ತೆಗೆಯಿತು) ಇನ್ನೊಂದು. ತೆಗೆದುಹಾಕಿದವರಿಗೂ ಗುಮಾಸ್ತರು ಅಭ್ಯಾಸಬಲದಿಂದ 'ಲೆಫ್ಟ್ ಸರ್ವಿಸ್' ಒತ್ತಿಬಿಟ್ಟರೆ ಶಾಖಾ ಕಚೇರಿಯಲ್ಲಿ ಪ್ರಶ್ನೆ ಏಳುತ್ತದೆ. ಕಂಪನಿ ಬಿಡುವ ದಿನವೇ ಪೇರೋಲ್ ನೋಡಿಕೊಳ್ಳುವವರನ್ನು ಕಂಡು, "ಇಎಸ್‌ಐಯಲ್ಲಿ ಸರಿಯಾದ ಕಾರಣ ಹಾಕಿ ಸರ್" ಎಂದು ಹೇಳಿ, ಇಮೇಲ್‌ನಲ್ಲೂ ಬರೆಯಿರಿ. ಕೆಲಸದಿಂದ ತೆಗೆದ ಪತ್ರ ಕೈಯಲ್ಲಿದ್ದರೆ ನಿಮ್ಮ ವಾದ ಗಟ್ಟಿ.

ನಾನು ಕಾಂಟ್ರ್ಯಾಕ್ಟ್ ಲೇಬರ್. ನನಗೂ ಇದೆಯಾ?

ಇದೆ. ಆದರೆ ನಿಮ್ಮ ಪಿಎಫ್, ಇಎಸ್‌ಐ ದಾಖಲೆಯಲ್ಲಿ ಇರುವುದು ಫ್ಯಾಕ್ಟರಿಯ ಹೆಸರಲ್ಲ, ಗುತ್ತಿಗೆದಾರರದ್ದು. ಎಷ್ಟೋ ಜನ ಆರು ವರ್ಷ ಒಂದೇ ಗೇಟಿನೊಳಗೆ ದುಡಿದಿದ್ದರೂ ನಡುವೆ ಗುತ್ತಿಗೆದಾರರು ಬದಲಾಗಿರುತ್ತಾರೆ, ಒಬ್ಬೊಬ್ಬರೂ ಹೊಸ ಯುಎಎನ್ ಮಾಡಿಸಿರುತ್ತಾರೆ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್‌ನಲ್ಲಿ ಕಂಪನಿಯಿಂದ ಕಂಪನಿಗೆ ಹೋದ ಹೆಣ್ಣುಮಕ್ಕಳಲ್ಲಂತೂ ಎರಡು ಮೂರು ಯುಎಎನ್ ಇರುವುದು ಸಾಮಾನ್ಯ. ಹಳೆಯದನ್ನೆಲ್ಲ ಆಧಾರ್ ಜೋಡಣೆಯಾದ ಒಂದೇ ಯುಎಎನ್‌ಗೆ ವರ್ಗಾಯಿಸಿಕೊಳ್ಳಿ. ಎರಡು ಕಡೆಯ ಸೇವಾ ದಿನಾಂಕ ಒಂದರ ಮೇಲೊಂದು ಬಿದ್ದಿದ್ದರೆ ಕ್ಲೇಮ್‌ನಲ್ಲಿ ಪ್ರಶ್ನೆ ಏಳಬಹುದು, ಮೊದಲು ಅದನ್ನು ಸರಿಪಡಿಸಿ.

ಫ್ಯಾಕ್ಟರಿಯೇ ಮುಚ್ಚಿಹೋಯಿತು.

ಹಾಗಿದ್ದರೆ 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯನ್ನು ಕೇಳಿ. ಕಾರ್ಖಾನೆ ಮುಚ್ಚಿದವರಿಗೆ, ಕಡಿತದಲ್ಲಿ ಕೆಲಸ ಹೋದವರಿಗೆ ಗರಿಷ್ಠ 24 ತಿಂಗಳು ಭತ್ಯೆ ಸಿಗುತ್ತದೆ: ಮೊದಲ 12 ತಿಂಗಳು ಸರಾಸರಿ ವೇತನದ ಶೇ 50, ಮುಂದಿನ 12 ತಿಂಗಳು ಶೇ 25. ಕನಿಷ್ಠ ಎರಡು ವರ್ಷ ಇಎಸ್‌ಐ ವಂತಿಗೆ ಇರಬೇಕು. ಶಾಖಾ ಕಚೇರಿಯಲ್ಲಿ ಎರಡೂ ಯೋಜನೆಗಳ ಹೆಸರು ಹೇಳಿ ಕೇಳಿ. ಒಂದನ್ನೇ ಹೇಳಿದರೆ ಒಂದಕ್ಕೇ ಉತ್ತರ ಸಿಗುತ್ತದೆ.

ಇಎಸ್‌ಐ ಆಸ್ಪತ್ರೆಗೆ ಇನ್ನು ಹೋಗೋ ಹಾಗಿಲ್ವಾ?

ಹೋಗಬಹುದು. ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಕಟ್ಟಿದ ವಂತಿಗೆಯ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್–ಮಾರ್ಚ್‌ನದ್ದು ಜುಲೈನಿಂದ ಡಿಸೆಂಬರ್‌ವರೆಗೆ. ಕೆಲಸ ಹೋದ ದಿನವೇ ಚಿಕಿತ್ಸೆ ನಿಲ್ಲುವುದಿಲ್ಲ. ಅಮ್ಮನ ಬಿಪಿ, ಶುಗರ್ ಮಾತ್ರೆಯನ್ನು ಹೊರಗೆ ದುಡ್ಡು ಕೊಟ್ಟು ತರುವ ಮುಂಚೆ ನಿಮ್ಮ ಡಿಸ್ಪೆನ್ಸರಿಯಲ್ಲಿ ಅರ್ಹತೆ ಎಲ್ಲಿಯವರೆಗೆ ಇದೆ ಎಂದು ವಿಚಾರಿಸಿ.

ಪಿಎಫ್ ಪೂರ್ತಿ ತೆಗೆದುಬಿಡಲಾ?

ತೀರಾ ಅನಿವಾರ್ಯ ಅಲ್ಲದಿದ್ದರೆ ಬೇಡ. 2024-25ಕ್ಕೆ ಪಿಎಫ್ ಬಡ್ಡಿ ಶೇ 8.25 ಇತ್ತು. ಕೆಲಸ ಬಿಟ್ಟರೂ ಖಾತೆಯಲ್ಲಿರುವ ಹಣಕ್ಕೆ ಬಡ್ಡಿ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಪಿಂಚಣಿ. 10 ವರ್ಷ ತುಂಬಿದರೆ ಪಿಂಚಣಿ ಹಕ್ಕು ಬರುತ್ತದೆ. ಏಳೆಂಟು ವರ್ಷ ಆದಮೇಲೆ 10ಸಿ ಅರ್ಜಿ ಹಾಕಿ ಪಿಂಚಣಿ ಹಣ ತೆಗೆದರೆ ಆ ಸೇವೆಯೆಲ್ಲ ಅಳಿಸಿಹೋಗಿ ಮತ್ತೆ ಸೊನ್ನೆಯಿಂದ ಎಣಿಸಬೇಕು. ಅದರ ಬದಲು ಸೇವೆಯ ವರ್ಷಗಳನ್ನು ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಪಡೆಯಿರಿ, ಅಥವಾ ಹಾಗೇ ಬಿಟ್ಟು ಹೊಸ ಕೆಲಸಕ್ಕೆ ಸೇರಿದಾಗ ವರ್ಗಾಯಿಸಿ.

ಎಷ್ಟು ತೆಗೆಯಬಹುದು ಎನ್ನುವ ನಿಯಮ ಬದಲಾವಣೆಯ ಹಾದಿಯಲ್ಲಿದೆ. ಹಿಂದೆ ಒಂದು ತಿಂಗಳು ಕೆಲಸವಿಲ್ಲದಿದ್ದರೆ ಶೇ 75, ಎರಡು ತಿಂಗಳಾದರೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರಂದು ಪಿಎಫ್ ಟ್ರಸ್ಟಿಗಳ ಮಂಡಳಿ ಶೇ 75 ತಕ್ಷಣ, ಉಳಿದದ್ದು 12 ತಿಂಗಳ ನಂತರ, ಪಿಂಚಣಿ ಹಣಕ್ಕೆ 36 ತಿಂಗಳು ಎಂದು ತೀರ್ಮಾನಿಸಿತು. ನೀವು ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ಆಯ್ಕೆ ಕಾಣುತ್ತದೋ ಅದನ್ನು ನೋಡಿಕೊಂಡು ಮನೆ ಖರ್ಚಿನ ಲೆಕ್ಕ ಹಾಕಿ.

ಒಟ್ಟು ಸೇವೆ ಐದು ವರ್ಷಕ್ಕಿಂತ ಕಡಿಮೆ ಇದ್ದು ಮೊತ್ತ 50,000 ದಾಟಿದರೆ ಶೇ 10 ತೆರಿಗೆ ಹಿಡಿಯುತ್ತಾರೆ, ಪ್ಯಾನ್ ಜೋಡಿಸದಿದ್ದರೆ ಇನ್ನೂ ಹೆಚ್ಚು. ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ತೆರಿಗೆ ಕಡಿತ ಬೇಡವೆಂಬ ಘೋಷಣೆಯನ್ನೂ ಲಗತ್ತಿಸಿ. ಇಷ್ಟು ಕಾಲ 15ಜಿ ಎಂದು ಕರೆಯುತ್ತಿದ್ದುದು ಅದನ್ನೇ.

ಪಿಎಫ್ ಕ್ಲೇಮ್ ರಿಜೆಕ್ಟ್ ಆಗಿದೆ. ಯಾಕೆ?

ಮೊದಲ ಕಾರಣ, ಕೆಲಸ ಬಿಟ್ಟ ದಿನಾಂಕ ದಾಖಲಾಗಿಲ್ಲ. ಕಂಪನಿ ಹಾಕದಿದ್ದರೆ ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ಯುಎಎನ್ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ಹಾಕಬಹುದು. ಕೊನೆಯ ವಂತಿಗೆ ಬಂದ ತಿಂಗಳೊಳಗಿನ ದಿನಾಂಕವನ್ನೇ ಕೊಡಿ. ಒಮ್ಮೆ ಹಾಕಿದರೆ ಸುಲಭವಾಗಿ ತಿದ್ದಲು ಆಗುವುದಿಲ್ಲ, ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಮಾಡಿ.

ಎರಡನೆಯದು ಹೆಸರು. ನಮ್ಮ ಕಡೆ ಇನಿಷಿಯಲ್ ತೊಂದರೆ ಬಹಳ. ಆಧಾರ್‌ನಲ್ಲಿ 'ಮಹದೇವಮ್ಮ', ಪಿಎಫ್‌ನಲ್ಲಿ 'ಮಹದೇವಮ್ಮ ಕೆ', ಬ್ಯಾಂಕಿನಲ್ಲಿ 'ಕೆ ಮಹದೇವಮ್ಮ ಕೋಂ ಸಿದ್ದರಾಜು' ಎಂದಿದ್ದರೆ ಕಂಪ್ಯೂಟರ್ ಪಾಲಿಗೆ ಅವರು ಮೂವರು. ಮೊದಲು ಆಧಾರ್ ಸರಿ ಮಾಡಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. 2017ರ ಅಕ್ಟೋಬರ್ 1ರ ನಂತರದ, ಆಧಾರ್ ದೃಢೀಕೃತ ಯುಎಎನ್ ಆಗಿದ್ದರೆ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರನ್ನು ಪೋರ್ಟಲ್‌ನಲ್ಲಿ ನೀವೇ ತಿದ್ದಬಹುದು, ಕಂಪನಿಯ ಒಪ್ಪಿಗೆ ಬೇಡ. ಅದಕ್ಕಿಂತ ಹಳೆಯದಾದರೆ ಕಂಪನಿಯವರು ಒಪ್ಪಬೇಕು.

ಮೂರನೆಯದು ಹಳೆಯ ಬ್ಯಾಂಕ್. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಹೋದವು. ಕಾವೇರಿ ಗ್ರಾಮೀಣ ಬ್ಯಾಂಕಿನ ಹೆಸರೂ ಬದಲಾಗಿದೆ. ಪಿಎಫ್ ದಾಖಲೆಯಲ್ಲಿ ಹಳೆಯ ಐಎಫ್‌ಎಸ್‌ಸಿ ಉಳಿದಿದ್ದರೆ ಕ್ಲೇಮ್ ಮಂಜೂರಾದರೂ ದುಡ್ಡು ವಾಪಸ್ ಹೋಗುತ್ತದೆ.

ಮೈಸೂರಿನ ಪಿಎಫ್ ಕಚೇರಿ ಗಾಯತ್ರಿಪುರಂನ ಭವಿಷ್ಯ ನಿಧಿ ಭವನದಲ್ಲಿದೆ. ಮಂಡ್ಯದವರು ಅಲ್ಲಿಗೆ ಓಡಾಡುವ ಮುಂಚೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲೇ ನಡೆಯುವ 'ನಿಧಿ ಆಪ್ಕೆ ನಿಕಟ್' ಶಿಬಿರ ಆ ತಿಂಗಳು ಎಲ್ಲಿದೆ ಎಂದು ನೋಡಿ. ಫೋನ್ ಸಹಾಯವಾಣಿ 14470. ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಬರುತ್ತದೆ.

ಗ್ರಾಚ್ಯುಟಿ ಲೆಕ್ಕ ಹೇಗೆ?

ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾ ವರ್ಷಗಳಿಂದ ಗುಣಿಸಿ. 15,000 ರೂಪಾಯಿ, 7 ವರ್ಷ ಆದರೆ ಸುಮಾರು 60,577. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚಾಗಿದ್ದರೆ ಪೂರ್ತಿ ವರ್ಷ ಎಂದೇ ಲೆಕ್ಕ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲೆ ಇದ್ದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಹಕ್ಕು ಬರುತ್ತದೆ.

ಯುವನಿಧಿ ನನಗೆ ಸಿಗುತ್ತಾ?

ಇದು ಕೆಲಸ ಕಳೆದುಕೊಂಡವರಿಗಲ್ಲ, ಓದು ಮುಗಿಸಿ ಕೆಲಸ ಸಿಗದವರಿಗೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ 24 ತಿಂಗಳು ಅಥವಾ ಕೆಲಸ ಸಿಗುವವರೆಗೆ. 2022-23ರಲ್ಲಿ ತೇರ್ಗಡೆಯಾದವರಿಂದ ಶುರುವಾಯಿತು, ನಂತರದ ಬ್ಯಾಚ್‌ನವರನ್ನೂ ಸೇರಿಸಿಕೊಂಡಿದ್ದಾರೆ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ಎಂಎ, ಎಂಕಾಂ, ಬಿಎಡ್ ಎಂದು ಓದು ಮುಂದುವರಿಸಿದವರಿಗೆ, ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ ಇಲ್ಲ.

ಸೇವಾ ಸಿಂಧು ಪೋರ್ಟಲ್‌ನಲ್ಲಿ ನೀವೇ ಹಾಕಬಹುದು, ಇಲ್ಲದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್‌ಗೆ ಹೋಗಿ. ಪದವಿ ಪ್ರಮಾಣಪತ್ರ ಡಿಜಿಲಾಕರ್‌ನ ಎನ್‌ಎಡಿಯಲ್ಲಿ (ಪ್ರಮಾಣಪತ್ರಗಳ ಆನ್‌ಲೈನ್ ಸಂಗ್ರಹ) ಕಾಣಬೇಕು. ಕಾಣದಿದ್ದರೆ ಸೇವಾ ಸಿಂಧುವಿನ ಮುಂದೆ ಕೂತು ಪ್ರಯೋಜನವಿಲ್ಲ, ಕಾಲೇಜು ಅಥವಾ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿ ಅಪ್‌ಲೋಡ್ ಮಾಡಿಸಬೇಕು.

ಯುವನಿಧಿ ಎರಡು ತಿಂಗಳು ಬಂದು ನಿಂತುಹೋಯಿತು.

ಸ್ವಯಂ ಘೋಷಣೆ ಮರೆತಿರುತ್ತೀರಿ. "ನಾನು ಇನ್ನೂ ನಿರುದ್ಯೋಗಿ, ಓದು ಮುಂದುವರಿಸುತ್ತಿಲ್ಲ" ಎಂದು ಆಧಾರ್ ಒಟಿಪಿ ಮೂಲಕ ತಿಳಿಸಬೇಕು. ಮೊದಲು ಇದು ಪ್ರತಿ ತಿಂಗಳು ಇತ್ತು, ನಂತರ ಮೂರು ತಿಂಗಳಿಗೊಮ್ಮೆ ಎಂದಾಯಿತು. ನಿಮ್ಮ ಗಡುವು ಯಾವುದು ಎಂದು ಪೋರ್ಟಲ್‌ನಲ್ಲಿ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಇನ್ನೊಂದು ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇಲ್ಲದಿರುವುದು. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ನೇರ ವರ್ಗಾವಣೆಗೆ ಸೀಡಿಂಗ್ ಆಗಿರುವುದು ಬೇರೆ; ಬ್ಯಾಂಕಿನಲ್ಲಿ ಹಾಗೇ ಬಿಡಿಸಿ ಕೇಳಿ. ಕೆಲಸ ಸಿಕ್ಕಿದ್ದೂ ಘೋಷಣೆ ಕೊಟ್ಟರೆ ಹಣ ವಾಪಸ್ ಕೇಳುತ್ತಾರೆ, ಕ್ರಮವನ್ನೂ ಜರುಗಿಸಬಹುದು.

ಕಮಿಷನ್ ಕೊಟ್ಟರೆ ಬೇಗ ಮಾಡಿಸಿಕೊಡ್ತೀನಿ ಅಂತಾರಲ್ಲ?

ಕೊಡಬೇಡಿ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ. ಬೇರೆಯವರು ತಮ್ಮ ಖಾತೆ ಸಂಖ್ಯೆ ಸೇರಿಸಲು ಅಷ್ಟೇ ಸಾಕು. ಕೆಲಸ ಕೊಡಿಸುವುದಾಗಿ ನೋಂದಣಿ ಶುಲ್ಕ, ಯೂನಿಫಾರಂ ಠೇವಣಿ, ಟ್ರೇನಿಂಗ್ ಫೀ ಕೇಳುವವರದ್ದೂ ಇದೇ ಕಥೆ. ಕಂಪನಿ ಹೆಸರಿನಲ್ಲಿ ಆಫರ್ ಲೆಟರ್ ಬಂದರೆ ಫ್ಯಾಕ್ಟರಿ ಗೇಟಿಗೇ ಹೋಗಿ ವಿಚಾರಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ಹೇಳಿದರೆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಕೆಲಸ ಎಲ್ಲಿ ಹುಡುಕೋದು? ಆನ್‌ಲೈನ್‌ನಲ್ಲಿ ನೂರು ಕಡೆ ಹಾಕಿದ್ದೀನಿ, ಒಂದೂ ಕರೆ ಇಲ್ಲ.

ಒಂದೇ ರೆಸ್ಯೂಮೆ ನೂರು ಕಡೆ ಕಳಿಸುವುದಕ್ಕಿಂತ ಹತ್ತು ಕಡೆಗೆ ಆಯಾ ಕೆಲಸಕ್ಕೆ ತಕ್ಕಂತೆ ತಿದ್ದಿ ಕಳಿಸುವುದು ಒಳ್ಳೆಯದು. 'ಮೆಷಿನ್ ಆಪರೇಟರ್' ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. ಯಾವ ಮೆಷಿನ್, ಸಿಎನ್‌ಸಿ ಆದರೆ ಯಾವ ಕಂಟ್ರೋಲರ್, ಸೆಟ್ಟಿಂಗ್ ಬರುತ್ತದೋ ಬರೀ ಆಪರೇಟಿಂಗೋ, ವರ್ನಿಯರ್, ಮೈಕ್ರೋಮೀಟರ್ ಓದುತ್ತೀರೋ, ರಾತ್ರಿ ಶಿಫ್ಟಿಗೆ ಬರುತ್ತೀರೋ ಇಷ್ಟನ್ನು ಮೊದಲ ಅರ್ಧ ಪುಟದಲ್ಲೇ ಬರೆಯಿರಿ. ಟೈಲರ್ ಆಗಿದ್ದರೆ ಸಿಂಗಲ್ ನೀಡಲ್, ಓವರ್‌ಲಾಕ್, ಫ್ಲ್ಯಾಟ್‌ಲಾಕ್ ಇವುಗಳಲ್ಲಿ ಯಾವುದು ಬರುತ್ತದೆ, ಕಾಲರ್ ಕೂರಿಸುತ್ತೀರಾ ಎನ್ನುವುದನ್ನು ಹೇಳಿ.

ನ್ಯಾಷನಲ್ ಕೆರಿಯರ್ ಸರ್ವಿಸ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ಹೆಸರು ನೋಂದಾಯಿಸಿ, ಎರಡೂ ಉಚಿತ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ನಡೆಸುವ ಉದ್ಯೋಗ ಮೇಳಗಳ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಜೊತೆಗೆ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ. ಫ್ಯಾಕ್ಟರಿ ಕೆಲಸದ ಎಷ್ಟೋ ಖಾಲಿ ಜಾಗಗಳು ಜಾಹೀರಾತಿಗೆ ಬರುವ ಮೊದಲೇ ಒಳಗಿನವರ ಬಾಯಿಂದ ಬಾಯಿಗೆ ತುಂಬಿಹೋಗುತ್ತವೆ. "ಅಣ್ಣಾ, ನಿಮ್ಮ ಕಡೆ ಏನಾದ್ರೂ ಇದ್ರೆ ಹೇಳಿ" ಎನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಂಡ್ಯ, ಮದ್ದೂರಿನವರಿಗೆ ರೈಲಿನಲ್ಲಿ ಹೋಗಿಬರುವ ದೂರದಲ್ಲೇ ಬಿಡದಿ, ರಾಮನಗರವೂ ಇವೆ. ಹುಡುಕಾಟವನ್ನು ಒಂದೇ ದಿಕ್ಕಿಗೆ ಸೀಮಿತ ಮಾಡಬೇಡಿ.

ಕೌಶಲ ಸೇರಿಸಿಕೊಳ್ಳಬೇಕಿದ್ದರೆ ಮೇಟಗಳ್ಳಿಯ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ), ಹೆಬ್ಬಾಳಿನ ಸಿಪೆಟ್‌ನಲ್ಲಿ (ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಅಲ್ಪಾವಧಿ ಕೋರ್ಸ್ ವಿಚಾರಿಸಿ. ಸ್ವಂತ ಉದ್ಯೋಗದ ಯೋಚನೆ ಇದ್ದರೆ ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ.

ದಿನ ಕಳೆಯೋದೇ ಕಷ್ಟ. ಮನೆಯವರಿಗೆ ಮುಖ ತೋರಿಸೋಕೆ ಆಗ್ತಿಲ್ಲ.

ಕೆಲಸ ಹೋಗಿರುವುದನ್ನು ಮನೆಯಲ್ಲಿ ಮುಚ್ಚಿಟ್ಟು, ಟಿಫನ್ ಬಾಕ್ಸ್ ಹಿಡಿದು ಹೊರಟು ಎಲ್ಲೋ ಪಾರ್ಕಿನಲ್ಲಿ ಕೂತು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ವಾರವೇ ಹೇಳಿ, ಬಾಯಿ ಮಾತಿನಲ್ಲಿ ಅಲ್ಲ, ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿ: ಕೈಯಲ್ಲಿ ಇಷ್ಟಿದೆ, ಭತ್ಯೆ ಇಷ್ಟು ಬರಬಹುದು, ಬಾಡಿಗೆ, ಸ್ಕೂಲ್ ಫೀಸು, ಸಂಘದ ಕಂತು ಇಷ್ಟು. ಸಾಲದ ಕಂತು ಕಟ್ಟಲು ಆಗದಿದ್ದರೆ ತಪ್ಪಿಸಿದ ಮೇಲಲ್ಲ, ತಪ್ಪುವ ಮೊದಲೇ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ. ಕೈಸಾಲಕ್ಕೂ ಮೊಬೈಲ್ ಆ್ಯಪ್ ಸಾಲಕ್ಕೂ ಹೋಗಬೇಡಿ.

ಬೆಳಿಗ್ಗೆ ಎರಡು ಮೂರು ಗಂಟೆ ಹುಡುಕಾಟಕ್ಕೆ ಮೀಸಲಿಡಿ, ಅದಾದ ಮೇಲೆ ಫೋನ್ ಬದಿಗಿಡಿ. ಇಡೀ ದಿನ ಕೆಲಸದ ಆ್ಯಪ್ ತಿರುವುತ್ತಿದ್ದರೆ ಮನಸ್ಸು ಕುಸಿಯುತ್ತದೆಯೇ ಹೊರತು ಕರೆ ಹೆಚ್ಚು ಬರುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಕಂಪನಿ, ದಿನಾಂಕ, ಯಾರ ಜೊತೆ ಮಾತಾಡಿದಿರಿ, ಮತ್ತೆ ಯಾವಾಗ ಫೋನ್ ಮಾಡಬೇಕು ಎಂದು ಬರೆದಿಡಿ. ಉತ್ತರ ಬರುವುದು ನಿಮ್ಮ ಕೈಯಲ್ಲಿಲ್ಲ, ಆದ್ದರಿಂದ ವಾರದ ಗುರಿಯನ್ನು ಉತ್ತರಗಳಲ್ಲಿ ಅಳೆಯದೆ ನೀವು ಮಾಡಿದ ಕರೆ, ಕೊಟ್ಟ ಅರ್ಜಿಗಳಲ್ಲಿ ಅಳೆಯಿರಿ.

ನಿದ್ದೆ ಹೋಗಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಂಟರ್‌ವ್ಯೂನಲ್ಲಿ "ಇಷ್ಟು ದಿನ ಏನ್ಮಾಡ್ತಿದ್ರಿ" ಅಂದ್ರೆ?

ನಿಜ ಹೇಳಿ, ಎರಡೇ ವಾಕ್ಯದಲ್ಲಿ. "ಆರ್ಡರ್ ಕಡಿಮೆಯಾಗಿ ನಮ್ಮ ಲೈನ್ ನಿಲ್ಲಿಸಿದರು ಸರ್, ಈ ನಡುವೆ ಇಂಥ ಕೋರ್ಸ್ ಮಾಡಿದೆ." ಹಳೆಯ ಕಂಪನಿಯನ್ನು ಬೈಯಬೇಡಿ. ಕೆಲಸ ಮಾಡದ ತಿಂಗಳನ್ನು ಮಾಡಿದಂತೆ ತೋರಿಸಬೇಡಿ, ಪಿಎಫ್ ಸರ್ವಿಸ್ ಹಿಸ್ಟರಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಕೆಲಸ ಸಿಕ್ಕಿತು! ಈಗೇನು ಮಾಡಬೇಕು?

ಹಳೆಯ ಯುಎಎನ್ ಮತ್ತು ಹಳೆಯ ಇಎಸ್‌ಐ ಸಂಖ್ಯೆಯನ್ನೇ ಹೊಸ ಕಂಪನಿಗೆ ಕೊಡಿ, ಹೊಸದು ಮಾಡಿಸಲು ಬಿಡಬೇಡಿ. ಭತ್ಯೆ ಅಥವಾ ಯುವನಿಧಿ ಬರುತ್ತಿದ್ದರೆ ಕೆಲಸಕ್ಕೆ ಸೇರಿದ ದಿನಾಂಕ ತಿಳಿಸಿ ನಿಲ್ಲಿಸಿ. ಮೊದಲ ಸಂಬಳ ಬಂದಮೇಲೆ ಪಾಸ್‌ಬುಕ್ ತೆರೆದು ಪಿಎಫ್ ನಿಜವಾಗಿ ಜಮಾ ಆಗಿದೆಯೇ ನೋಡಿ, ಹಿಂದಿನ ಖಾತೆಯ ಹಣದ ವರ್ಗಾವಣೆಗೂ ಆಗಲೇ ಅರ್ಜಿ ಹಾಕಿ.